ಕೇಸ್ ನಂಬರ್ ಗೊತ್ತಿಲ್ಲದ ಹಳೆ ಡಿಕ್ರಿಯನ್ನು ತಾಲ್ಲೂಕು ಕೋರ್ಟಿನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. 1980ರ ಆಸುಪಾಸಿನಲ್ಲಿ ನಮ್ಮ ತಾತನಿಗೂ ಅವರ ತಮ್ಮನಿಗೂ ಜಮೀನಿನ ಭಾಗದ ವಿಷಯಕ್ಕೆ ಕೋರ್ಟಿನಲ್ಲಿ ಕೇಸು ನಡೆದಿತ್ತು. "ಡಿಕ್ರಿ ಆಗಿದೆ, ಅರ್ಧ ನಮ್ಮದು" ಎಂದು ಅಪ್ಪ ಹೇಳುತ್ತಿದ್ದರು. ಈಗ ತಾತನೂ ಇಲ್ಲ, ಅಪ್ಪನೂ ಇಲ್ಲ. ಪಹಣಿ ಇನ್ನೂ ಜಂಟಿಯಾಗಿಯೇ ಇದೆ. ಡಿಕ್ರಿ ಕಾಗದ ಮನೆಯಲ್ಲಿ ಸಿಗುತ್ತಿಲ್ಲ, ಕೇಸ್ ನಂಬರ್ ಯಾರಿಗೂ ನೆನಪಿಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ತಾತನ ಹೆಸರು ಹಾಕಿದೆ, ಏನೂ ಬರಲಿಲ್ಲ. ಊರಲ್ಲಿ ಒಬ್ಬರು ದೊಡ್ಡ ಮೊತ್ತ ಕೇಳಿ "ನಾನು ತೆಗೆಸಿಕೊಡ್ತೀನಿ" ಅಂತಿದ್ದಾರೆ. ಇನ್ನೊಬ್ಬರು "ಆರ್‌ಟಿಐ ಹಾಕಿ" ಅಂತಾರೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಾನೇ ಹೋಗಿ ಈ ದಾಖಲೆ ಪಡೆಯಬಹುದೇ?

ಉತ್ತರ: ಖಂಡಿತ ಪಡೆಯಬಹುದು. ಡಿಕ್ರಿ ಅಂದರೆ ತೀರ್ಪಿನಂತೆ ಯಾರಿಗೆ ಏನು ಸಲ್ಲಬೇಕು ಎಂದು ಕೋರ್ಟು ಬರೆದುಕೊಡುವ ಆದೇಶ. ದೊಡ್ಡ ಮೊತ್ತ ಯಾರಿಗೂ ಕೊಡಬೇಡಿ. ಕೋರ್ಟಿಗೆ ಕಟ್ಟುವ ನಕಲು ಶುಲ್ಕ ಪುಟದ ಲೆಕ್ಕದಲ್ಲಿರುತ್ತದೆ, ಅದು ಸಣ್ಣ ಹಣ. ಕಷ್ಟ ಇರುವುದು ಕಡತವನ್ನು ಗುರುತಿಸುವುದರಲ್ಲಿ. ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ನಿಮ್ಮ ತಾತನ ಹೆಸರು ಹೇಳಿದರೆ ಕಡತ ಸಿಗುವುದಿಲ್ಲ, ನಿಮ್ಮ ಊರಿನ ಸರ್ವೆ ನಂಬರ್ ಹೇಳಿದರೂ ಸಿಗುವುದಿಲ್ಲ. ಅಲ್ಲಿ ನಡೆಯುವುದು ಕೇಸ್ ನಂಬರ್ ಮತ್ತು ವರ್ಷ ಮಾತ್ರ. ಹಾಗಾಗಿ ನಿಮ್ಮ ಕೆಲಸದ ಮುಕ್ಕಾಲು ಪಾಲು ಕೋರ್ಟಿನ ಹೊರಗೇ ಇದೆ.

ಮೊದಲು ವೆಬ್‌ಸೈಟಿನ ಮಾತು. ಅಲ್ಲಿ ಬರಲಿಲ್ಲ ಅಂದರೆ ಕೇಸೇ ಇರಲಿಲ್ಲ ಎಂದು ತಿಳಿಯಬೇಡಿ. ಇ-ಕೋರ್ಟ್ಸ್ ಯೋಜನೆ ಶುರುವಾದದ್ದೇ 2007ರಲ್ಲಿ. ಆಗ ಬಾಕಿ ಇದ್ದ ಮತ್ತು ಆಮೇಲೆ ಬಂದ ಕೇಸುಗಳೇ ಅದರಲ್ಲಿ ಜಾಸ್ತಿ. 1980ರ ದಶಕದಲ್ಲಿ ಮುಗಿದುಹೋದ ದಾವೆ ಅಲ್ಲಿ ಸಿಗುವುದು ಅಪರೂಪ. ಹಾಗಂತ ಕೈಬಿಡಬೇಡಿ. ಆ ಹಳೆ ಡಿಕ್ರಿಯ ಮೇಲೆ ಮುಂದೆ ಯಾರಾದರೂ ಹೊಸ ಅರ್ಜಿ ಹಾಕಿದ್ದರೆ ಅದು ಸಿಗಬಹುದು, ಅದರೊಳಗೆ ಹಳೆ ನಂಬರ್ ಇದ್ದೇ ಇರುತ್ತದೆ. ತಾತನ ಹೆಸರಿನ ಬದಲು ನಿಮ್ಮ ಅಪ್ಪನ ಹೆಸರು, ಚಿಕ್ಕತಾತನ ಮಕ್ಕಳ ಹೆಸರು ಹಾಕಿ ನೋಡಿ. ಮುಗಿದ ಕೇಸು, ಬಾಕಿ ಇರುವ ಕೇಸು ಎರಡರಲ್ಲೂ ನೋಡಿ. ವರ್ಷ ಬದಲಿಸುತ್ತಾ ಹೋಗಿ. ಇಂಗ್ಲಿಷ್ ಸ್ಪೆಲಿಂಗ್ ಒಂದೇ ಥರ ಇರುವುದಿಲ್ಲ. ಮುನಿಯಪ್ಪ, ವೆಂಕಟರಾಯಪ್ಪ ಇಂಥ ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ. ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ ಹುಡುಕುವುದು ಒಳ್ಳೆಯದು. ಏನಾದರೂ ಸಿಕ್ಕಿದರೆ ಆ ಕೇಸಿಗೆ ಮಾತ್ರ ಕೊಟ್ಟಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಸಲ ಹುಡುಕುವ ಕೆಲಸ ತಪ್ಪುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಂಬರ್ ಎಲ್ಲಿ ಸಿಗುತ್ತದೆ?

ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಸಿಗುವುದು ಕಂದಾಯ ದಾಖಲೆಗಳಲ್ಲಿ. ನಿಮ್ಮ ಜಮೀನಿನ ಪಹಣಿಯನ್ನು ಇವತ್ತಿನದು ಮಾತ್ರ ನೋಡಬೇಡಿ, 1975ರಿಂದ ಈಚಿನ ಎಲ್ಲವನ್ನೂ ತೆಗೆಸಿ. ಪಹಣಿಯ 10ನೇ ಕಾಲಂನಲ್ಲಿ ಹಕ್ಕು ಹೇಗೆ ಬಂತು ಎಂಬುದಕ್ಕೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರ್ ಇರುತ್ತದೆ. 11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು. ಕೋರ್ಟಿನ ತಡೆಯಾಜ್ಞೆ ಬಂದಿದ್ದರೆ, ದಾವೆ ಬಾಕಿ ಇದ್ದರೆ ಹಳೆ ಗ್ರಾಮ ಲೆಕ್ಕಿಗರು ಅಲ್ಲೇ "ಓ.ಎಸ್. ನಂ. ಇಂತಿಷ್ಟು" ಎಂದು ಬರೆದುಬಿಡುತ್ತಿದ್ದರು. ಓ.ಎಸ್. ಅಂದರೆ ಒರಿಜಿನಲ್ ಸೂಟ್, ಮೂಲ ದಾವೆ. ಕೈಬರಹದ ಪಹಣಿಗಳಲ್ಲಿ ಆ ಷರಾ ಇರುತ್ತದೆ. ಕಂಪ್ಯೂಟರಿಗೆ ಹಾಕುವಾಗ ಎಷ್ಟೋ ಕಡೆ ಅದು ಬಿಟ್ಟುಹೋಗಿದೆ. ಆದ್ದರಿಂದ ಭೂಮಿ ವೆಬ್‌ಸೈಟಿನ ಪಹಣಿ ಸಾಲದು, ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ (ರೆಕಾರ್ಡ್ ರೂಮ್) ಕೈಬರಹದ ಪಹಣಿಯ ನಕಲನ್ನೇ ಕೇಳಿ. ಭೂ ಸುರಕ್ಷಾ ಯೋಜನೆಯಡಿ ಈ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ನಿಮ್ಮ ಹಳ್ಳಿಯದು ಆಗಿದ್ದರೆ ಹುಡುಕುವುದು ಸುಲಭ. ಎಂ.ಆರ್. ನಂಬರ್ ಸಿಕ್ಕಿದರೆ ಆ ಮ್ಯುಟೇಷನ್ ಪುಸ್ತಕದ ನಕಲನ್ನೂ ತೆಗೆಸಿ. ಯಾವ ಆಧಾರದ ಮೇಲೆ ಖಾತೆ ಬದಲಾಯಿತು ಎಂಬುದು ಅದರಲ್ಲಿ ಇರುತ್ತದೆ.

ಆರ್‌ಟಿಐ ಕೆಲಸಕ್ಕೆ ಬರುವುದು ಇಲ್ಲಿ. ತಹಶೀಲ್ದಾರ್ ಕಚೇರಿ, ಉಪವಿಭಾಗಾಧಿಕಾರಿ ಕಚೇರಿಗಳಲ್ಲಿರುವ ಕಾಗದಕ್ಕೆ ಆರ್‌ಟಿಐ ಹಾಕಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಇರಬೇಕು. ಆದರೆ ಕೋರ್ಟಿನ ಡಿಕ್ರಿ ನಕಲಿಗೆ ಆರ್‌ಟಿಐ ಹಾಕಿದರೆ ತಿರಸ್ಕಾರವಾಗುತ್ತದೆ. ನಕಲು ಕೊಡಲು ಹೈಕೋರ್ಟಿನದೇ ನಿಯಮಗಳಿರುವಾಗ ಆರ್‌ಟಿಐ ದಾರಿ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಸುಮ್ನೆ ಒಂದು ತಿಂಗಳು ವ್ಯರ್ಥ ಮಾಡಬೇಡಿ.

ಕಂದಾಯ ದಾಖಲೆಯಲ್ಲಿ ಸಿಗದಿದ್ದರೆ ಜನರ ಹತ್ತಿರ ಹೋಗಬೇಕು. ಎದುರು ಪಾರ್ಟಿ ಅಂದರೆ ನಿಮ್ಮ ಚಿಕ್ಕತಾತನ ಮಕ್ಕಳು. ಮಾತುಕತೆ ಇದ್ದರೆ ಅವರನ್ನು ಕೇಳಲು ಸಂಕೋಚಪಡಬೇಡಿ. ಭಾಗದ ದಾವೆಯಲ್ಲಿ ಡಿಕ್ರಿ ಇಬ್ಬರಿಗೂ ಬೇಕಾದ ಕಾಗದ, ಅವರ ಪೆಟ್ಟಿಗೆಯಲ್ಲಿ ಇರುವ ಸಾಧ್ಯತೆ ನಿಮಗಿಂತ ಕಡಿಮೆಯೇನಲ್ಲ. ಆಮೇಲೆ ತಾತನ ವಕೀಲರು ಯಾರು ಎಂದು ವಿಚಾರಿಸಿ. ಅವರಿಲ್ಲದಿದ್ದರೂ ಅವರ ಜೂನಿಯರ್ ಆಗಿದ್ದವರು, ಅವರ ಮಕ್ಕಳು ಅದೇ ಊರಲ್ಲಿ ವಕಾಲತ್ತು ಮಾಡುತ್ತಿರುತ್ತಾರೆ. ಹಳೆ ವಕೀಲರು ವರ್ಷಕ್ಕೊಂದು ಡೈರಿ ಇಡುತ್ತಿದ್ದರು. ಅದರಲ್ಲಿ ಪಕ್ಷಗಾರರ ಹೆಸರು, ಕೇಸ್ ನಂಬರ್, ಮುಂದಿನ ತಾರೀಕು ಎಲ್ಲ ಇರುತ್ತದೆ. ಮನೆಯಲ್ಲೂ ಇನ್ನೊಮ್ಮೆ ಹುಡುಕಿ, ಈ ಸಲ ಡಿಕ್ರಿಯನ್ನಲ್ಲ. ಕೋರ್ಟಿನಿಂದ ಬಂದ ಸಮನ್ಸ್, ವಕೀಲರ ಕಾರ್ಡು, ಫೀ ಕೊಟ್ಟ ರಸೀದಿ, ಸರ್ವೆಯವರ ನೋಟಿಸ್, ಬ್ಯಾಂಕು ಅಥವಾ ಸೊಸೈಟಿ ಸಾಲದ ಕಡತ. ಸಾಲ ಕೊಡುವಾಗ ಜಮೀನಿನ ಕಾಗದ ಎಲ್ಲ ಇಸಿದುಕೊಳ್ಳುತ್ತಿದ್ದರಲ್ಲ, ಅಲ್ಲಿ ಡಿಕ್ರಿಯ ಜೆರಾಕ್ಸ್ ಇರಬಹುದು.

ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಿ. ಅದು ನಿಜವಾಗಿ ಸಿವಿಲ್ ಕೋರ್ಟೇ? ಹಳ್ಳಿಯಲ್ಲಿ ನಾವು ಎಲ್ಲವನ್ನೂ "ಕೋರ್ಟು" ಅಂತೀವಿ. 1974ರ ಮಾರ್ಚ್ 1ರಿಂದ ಭೂ ಸುಧಾರಣೆ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಉಳುವ ಜಮೀನಿನ ಹಕ್ಕಿಗಾಗಿ ಫಾರಂ 7 ಅರ್ಜಿ ಹಾಕಿದರು, ತಾಲ್ಲೂಕು ತಾಲ್ಲೂಕಿನಲ್ಲೂ ಭೂ ನ್ಯಾಯಮಂಡಳಿ ಕೂತಿತು. ಆ ಕಾಲದ ಎಷ್ಟೋ ಮನೆಗಳ "ಕೋರ್ಟ್ ಕೇಸು" ಅಂದರೆ ಈ ಮಂಡಳಿಯ ಕೇಸು. ಅದರ ಕಡತ ನ್ಯಾಯಾಲಯದಲ್ಲಿ ಸಿಗುವುದಿಲ್ಲ, ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು. ಹಾಗೆಯೇ ಖಾತೆ ತಕರಾರಿನ ಮೇಲ್ಮನವಿ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೂ ಅಲ್ಲಿಂದ ಡಿ.ಸಿ. (ಜಿಲ್ಲಾಧಿಕಾರಿ) ಕೋರ್ಟಿಗೂ ಹೋಗುತ್ತದೆ. ಇವು ಕಂದಾಯ ನ್ಯಾಯಾಲಯಗಳು. ನಿಮ್ಮದು ಅಣ್ಣತಮ್ಮಂದಿರ ಭಾಗದ ವಿಷಯ ಎಂದಿರುವುದರಿಂದ ಸಿವಿಲ್ ದಾವೆಯೇ ಇರಬೇಕು. ಆದರೂ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ಆಗ ಕೇಸಿಗೆ ಹೋಗುತ್ತಿದ್ದದ್ದು ತಾಲ್ಲೂಕಾಫೀಸಿಗೋ, ಮುನ್ಸೀಫ್ ಕೋರ್ಟಿಗೋ?" ಈ ಒಂದು ಉತ್ತರದಿಂದ ಬಹಳ ಓಡಾಟ ಉಳಿಯುತ್ತದೆ.

ಇಷ್ಟು ಮಾಡಿದರೂ ನಂಬರ್ ಸಿಗಲಿಲ್ಲ ಅನ್ನಿ. ಆಗಲೂ ದಾರಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಪ್ರತಿ ಕೋರ್ಟೂ ದಾವೆಗಳ ರಿಜಿಸ್ಟರ್ ಇಡಲೇಬೇಕು, ಆಯಾ ವರ್ಷದಲ್ಲಿ ದಾಖಲಾದ ಕ್ರಮದಲ್ಲೇ ನಂಬರ್ ಕೊಡಬೇಕು. 1981ರ ರಿಜಿಸ್ಟರ್ ತೆಗೆದರೆ ಆ ವರ್ಷದ ಎಲ್ಲ ದಾವೆಗಳೂ ಒಂದರ ಕೆಳಗೊಂದು ವಾದಿ, ಪ್ರತಿವಾದಿಗಳ ಹೆಸರಿನೊಂದಿಗೆ ಇರುತ್ತವೆ. ತಾಲ್ಲೂಕು ಕೋರ್ಟಿನಲ್ಲಿ ಒಂದು ವರ್ಷಕ್ಕೆ ಬರುತ್ತಿದ್ದ ದಾವೆಗಳ ಸಂಖ್ಯೆ ಹುಡುಕಲಾಗದಷ್ಟು ದೊಡ್ಡದಲ್ಲ. ಇದಕ್ಕೆ ಶೋಧನೆಯ ಅರ್ಜಿ ಕೊಡಬೇಕು, ಶುಲ್ಕ ಕಟ್ಟಬೇಕು. ನಿಮ್ಮ ಕೈಗೆ ರಿಜಿಸ್ಟರ್ ಕೊಡುವುದಿಲ್ಲ, ಸಿಬ್ಬಂದಿಯೇ ನೋಡಿ ಹೇಳುತ್ತಾರೆ. ಹತ್ತು ವರ್ಷದ ರಿಜಿಸ್ಟರ್ ನೋಡಿ ಅಂದರೆ ಯಾರಿಗೂ ಉತ್ಸಾಹ ಇರುವುದಿಲ್ಲ, ಅದು ಸಹಜ. ಆದ್ದರಿಂದ ವರ್ಷವನ್ನು ಮೊದಲೇ ಕಿರಿದು ಮಾಡಿಕೊಳ್ಳಿ. ಅಪ್ಪನ ಮದುವೆಗೆ ಮೊದಲೋ ಆಮೇಲೋ? ಆಗ ಮುತ್ತಜ್ಜಿ ಬದುಕಿದ್ದರಾ? ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಇಂಥ ಗುರುತು ನೆನಪಿರುತ್ತದೆ.

ದಾಖಲಾದ ವರ್ಷ ಬೇರೆ, ತೀರ್ಪಾದ ವರ್ಷ ಬೇರೆ ಎಂಬುದನ್ನೂ ಮರೆಯಬೇಡಿ. ಓ.ಎಸ್. 112/1981 ಎಂದರೆ 1981ರಲ್ಲಿ ಹಾಕಿದ ದಾವೆ. ತೀರ್ಪು 1988ರಲ್ಲಿ ಆಗಿರಬಹುದು. ರಿಜಿಸ್ಟರ್ ಇರುವುದು ದಾಖಲಾದ ವರ್ಷದ ಮೇಲೆ. ಆದರೆ ಮುಗಿದ ಕಡತಗಳ ಕಟ್ಟನ್ನು ಬಹಳ ಕಡೆ ವಿಲೇವಾರಿಯಾದ ದಿನಾಂಕದ ಮೇಲೆ ಇಡುತ್ತಾರೆ. ರಿಜಿಸ್ಟರಿನಲ್ಲಿ ನಿಮ್ಮ ಕೇಸು ಸಿಕ್ಕಿದಾಗ ವಿಲೇವಾರಿ ದಿನಾಂಕವನ್ನೂ ಬರೆಸಿಕೊಳ್ಳಿ. ಅದಿಲ್ಲದೆ ನಂಬರ್ ಇದ್ದರೂ ಕಟ್ಟು ಸಿಗದೆ ಒದ್ದಾಡಬೇಕಾಗುತ್ತದೆ.

ಯಾವ ಕೋರ್ಟು ಎಂಬುದರಲ್ಲೂ ಗೊಂದಲ ಇದೆ. ಆಗಿನ ಮುನ್ಸೀಫ್ ಕೋರ್ಟೇ ಇವತ್ತಿನ ಸಿವಿಲ್ ನ್ಯಾಯಾಧೀಶರ ಕೋರ್ಟು. ಆಗಿನ ಕಾಗದದಲ್ಲಿ "ಸಿವಿಲ್ ಜಡ್ಜ್" ಎಂದಿದ್ದರೆ ಅದು ಇವತ್ತಿನ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ದಾವೆಯ ಮೌಲ್ಯ ಜಾಸ್ತಿ ಇದ್ದರೆ ಕೇಸು ಚಿಂತಾಮಣಿಯ ಮುನ್ಸೀಫ್ ಕೋರ್ಟಿಗೆ ಬದಲು ಮೇಲಿನ ಕೋರ್ಟಿಗೆ ಹೋಗಿರುತ್ತದೆ. ಜೊತೆಗೆ ನಿಮ್ಮ ತಾಲ್ಲೂಕು 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ಮೇಲ್ಮನವಿ ನಡೆದಿದ್ದರೆ ಅದರ ಕಡತ ಕೋಲಾರದಲ್ಲಿ ಹುಡುಕಬೇಕಾಗಬಹುದು, ಚಿಕ್ಕಬಳ್ಳಾಪುರದಲ್ಲಿ ಮಾತ್ರ ಕೇಳಿ ವಾಪಸ್ ಬರಬೇಡಿ. 1997ರಲ್ಲಿ ಹುಟ್ಟಿದ ಗದಗ, ಹಾವೇರಿ, ಕೊಪ್ಪಳ, ಚಾಮರಾಜನಗರದಂಥ ಜಿಲ್ಲೆಗಳವರಿಗೂ ಇದೇ ಮಾತು: ಹಳೆ ಜಿಲ್ಲೆಯ ಕೋರ್ಟನ್ನು ಬಿಡಬೇಡಿ. ಬೀದರ್, ಕಲಬುರಗಿ, ರಾಯಚೂರು ಕಡೆಯವರು 1956ಕ್ಕಿಂತ ಹಿಂದಿನ ಕಡತ ಹುಡುಕುವುದಾದರೆ ಉರ್ದು ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ.

ಮೇಲ್ಮನವಿಯ ಬಗ್ಗೆ ಹೇಳಲು ಇನ್ನೊಂದು ಕಾರಣವಿದೆ. ಮೇಲ್ಮನವಿ ಬಂದಾಗ ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ಇಡೀ ಕಡತವನ್ನು ತರಿಸಿಕೊಳ್ಳುತ್ತದೆ. ಮುಗಿದ ಮೇಲೆ ಅದು ವಾಪಸ್ ಬರಬೇಕು. ಬರದೇ ಉಳಿದದ್ದೂ ಉಂಟು. ತಾಲ್ಲೂಕು ಕೋರ್ಟಿನಲ್ಲಿ "ಕಡತ ಇಲ್ಲ" ಅಂದರೆ "ಮೇಲಿನ ಕೋರ್ಟಿಗೆ ಕಳಿಸಿದ್ದು ವಾಪಸ್ ಬಂದಿದೆಯಾ?" ಎಂದು ಕೇಳಿ.

ನಂಬರ್ ಕೈಗೆ ಬಂದ ಮೇಲೆ ಕೆಲಸ ಸಲೀಸು. ಕೋರ್ಟಿನ ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಬೇಕು. ಅಲ್ಲಿ ಇದಕ್ಕೆ "ಸಿ.ಸಿ." ಅಂತಾರೆ. ಕೇಸ್ ನಂಬರ್, ಪಕ್ಷಗಾರರ ಹೆಸರು, ವಿಲೇವಾರಿ ದಿನಾಂಕ ಬರೆದು, ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಕೊಡಿ. ನಿಮ್ಮ ತಾತ ಪಕ್ಷಗಾರರು, ನೀವಲ್ಲ. ಹೀಗಾಗಿ ನೀವು ವಾರಸುದಾರರು ಎಂದು ತೋರಿಸಬೇಕು. ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಾತ ಮತ್ತು ಅಪ್ಪನ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಜೊತೆಗಿಡಿ. ನಕಲು ಯಾಕೆ ಬೇಕು ಎಂದು ಹೇಳುವ ಒಂದು ಪ್ರಮಾಣಪತ್ರವನ್ನೂ, ಅಂದರೆ ಅಫಿಡವಿಟ್, ಮೊದಲೇ ಮಾಡಿಸಿಕೊಂಡು ಹೋಗಿ. ಕೇಸಿಗೆ ಸಂಬಂಧವಿಲ್ಲದ ಹೊರಗಿನವರು ನಕಲು ಕೇಳಿದಾಗ ಕಾರಣ ತಿಳಿಸಿ ನ್ಯಾಯಾಧೀಶರ ಆದೇಶ ಪಡೆಯಬೇಕು. ನಿಮ್ಮನ್ನು ಹಾಗೆ ಪರಿಗಣಿಸಿದರೂ ಅಫಿಡವಿಟ್ ಇದ್ದರೆ ಇನ್ನೊಂದು ಸಲ ಬಸ್ ಹತ್ತುವುದು ತಪ್ಪುತ್ತದೆ.

ಅರ್ಜಿಯಲ್ಲಿ "ಕೇಸಿನ ದಾಖಲೆ ಕೊಡಿ" ಎಂದು ಬರೆಯಬೇಡಿ. ಇಂಥಿಂಥ ಕಾಗದ ಎಂದು ಹೆಸರಿಟ್ಟು ಕೇಳಿ. ನಿಮ್ಮ ಸಂದರ್ಭಕ್ಕೆ ಬೇಕಾದದ್ದು ತೀರ್ಪು, ಡಿಕ್ರಿ, ದಾವೆಯ ಅರ್ಜಿ ಮತ್ತು ಅದರ ಷೆಡ್ಯೂಲ್. ರಾಜಿಯಾಗಿದ್ದರೆ ರಾಜಿ ಅರ್ಜಿ. ಕೋರ್ಟ್ ಕಮಿಷನರ್ ಹೋಗಿ ಅಳತೆ ಮಾಡಿದ್ದರೆ ಅವರ ವರದಿ ಮತ್ತು ನಕ್ಷೆ. ಜನ ತೀರ್ಪಿನ ನಕಲು ಮಾತ್ರ ತಂದು ತಹಶೀಲ್ದಾರ್ ಮುಂದೆ ನಿಲ್ಲುತ್ತಾರೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಂಬುದು ಷೆಡ್ಯೂಲ್‌ನಲ್ಲಿರುತ್ತದೆ, ಅದಿಲ್ಲದೆ ಆ ತೀರ್ಪಿನಿಂದ ಖಾತೆ ಕೆಲಸ ಆಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಿಮ್ಮ ಅಪ್ಪ ಹೇಳುತ್ತಿದ್ದ "ಡಿಕ್ರಿ ಆಗಿದೆ" ಎಂಬ ಮಾತಿನಲ್ಲಿ ಎರಡು ಅರ್ಥ ಇರಬಹುದು. ಭಾಗದ ದಾವೆಯಲ್ಲಿ ಮೊದಲು ಆಗುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಅರ್ಧ ನಿಮ್ಮದು, ಸರಿ. ಯಾವ ಅರ್ಧ? ಪೂರ್ವದ್ದೋ ಪಶ್ಚಿಮದ್ದೋ, ಬಾವಿ ಯಾರ ಕಡೆಗೆ? ಚಕ್ಕುಬಂದಿ ಸಮೇತ ಅದನ್ನು ಹೇಳುವುದು ಅಂತಿಮ ಡಿಕ್ರಿ. ಅದಕ್ಕೆ ಬೇರೆ ಅರ್ಜಿ ಹಾಕಬೇಕು, ಎಫ್.ಡಿ.ಪಿ. (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಎಂದು ಬೇರೆ ನಂಬರ್ ಬೀಳುತ್ತದೆ, ಕೊನೆಗೆ ಛಾಪಾ ಕಾಗದ ಕೊಟ್ಟು ಬರೆಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಪ್ರಾಥಮಿಕ ಡಿಕ್ರಿ ಆದ ದಿನವೇ ಕೇಸು ಗೆದ್ದೆವು ಎಂದು ಸಿಹಿ ಹಂಚಿ, ಮುಂದೆ ಏನೂ ಮಾಡದೆ ಬಿಟ್ಟಿದ್ದಾರೆ. ಪಹಣಿ ಇನ್ನೂ ಜಂಟಿಯಾಗಿರುವುದನ್ನು ನೋಡಿದರೆ ನಿಮ್ಮಲ್ಲೂ ಹಾಗೇ ಆಗಿರಬಹುದು.

ಹಾಗೆ ಆಗಿದ್ದರೆ ಹೆದರಬೇಡಿ. ಭಾಗದ ದಾವೆಯಲ್ಲಿ ಅಂತಿಮ ಡಿಕ್ರಿಗೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ದಾವೆ ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ. ಅಂತಿಮ ಡಿಕ್ರಿಯೇ ಆಗಿದ್ದು, ಅದನ್ನು ಜಾರಿ ಮಾಡಿಸದೆ ಬಿಟ್ಟಿದ್ದರೆ ವಿಷಯ ಬೇರೆ. ಜಾರಿ ಅರ್ಜಿಗೆ 12 ವರ್ಷದ ಮಿತಿ ಇದೆ. ಆಗ ಜಮೀನು ಯಾರ ಅನುಭವದಲ್ಲಿದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿರುತ್ತದೆ, ಅದಕ್ಕೆ ವಕೀಲರ ಸಲಹೆ ಬೇಕೇ ಬೇಕು. ಇನ್ನೊಂದು ಸಾಧ್ಯತೆ: ಕಂದಾಯ ಕಟ್ಟುವ ಜಮೀನಿನ ಭಾಗವನ್ನು ಅಳೆದು ಹಂಚುವ ಕೆಲಸವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಕೋರ್ಟು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅಲ್ಲಿಂದ ತಹಶೀಲ್ದಾರ್, ಸರ್ವೆ ಇಲಾಖೆ. ಹಾಗೆ ಹೋಗಿದ್ದರೆ ಡಿಕ್ರಿಯ ಒಂದು ಪ್ರತಿ ಈ ಕಚೇರಿಗಳ ಕಡತದಲ್ಲೂ ಇರುತ್ತದೆ. ನಿಮ್ಮ ಆರ್‌ಟಿಐ ಅರ್ಜಿಯಲ್ಲಿ ಅದನ್ನೂ ಕೇಳಿ.

ಕೋರ್ಟಿನ ಕಡತ ನಾಶವಾಗಿದೆ ಅಂದರೆ? ನಿಯಮದ ಪ್ರಕಾರ ಅವಧಿ ಮುಗಿದ ಕಾಗದಗಳನ್ನು ತೆಗೆದುಹಾಕುತ್ತಾರೆ. ಸಾಕ್ಷಿಗಳ ಹೇಳಿಕೆ, ಮಧ್ಯಂತರ ಅರ್ಜಿಗಳಂಥವು ಮೊದಲು ಹೋಗುತ್ತವೆ. ಜಮೀನಿನ ದಾವೆಯ ತೀರ್ಪು, ಡಿಕ್ರಿ ಉಳಿದಿರುವ ಸಾಧ್ಯತೆ ಜಾಸ್ತಿ. ಆದ್ದರಿಂದ "ಹಳೆದೆಲ್ಲ ಹೋಗಿದೆ" ಎಂದು ಬಾಯಿಮಾತಲ್ಲಿ ಹೇಳಿದರೆ ಒಪ್ಪಿಕೊಂಡು ಬರಬೇಡಿ. ಅರ್ಜಿ ಕೊಡಿ, ಅದರ ಮೇಲೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಲಿಖಿತವಾಗಿ ಹಿಂಬರಹ ಕೊಡಬೇಕು ಎಂದಾಗ ಸಿಬ್ಬಂದಿ ಇನ್ನೊಮ್ಮೆ ಹುಡುಕುತ್ತಾರೆ, ಇದು ನಾನು ಬಹಳ ಸಲ ಕಂಡದ್ದು. ನಿಜವಾಗಿ ಇಲ್ಲದಿದ್ದರೂ ಆ ಹಿಂಬರಹ ಮುಂದೆ ಬೇಕಾಗುತ್ತದೆ. ಮೂಲ ಸಿಗುವುದಿಲ್ಲ ಎಂದು ತೋರಿಸಿದರೆ ಜೆರಾಕ್ಸ್‌ನಂಥ ಬೇರೆ ಪುರಾವೆಯನ್ನು ಮುಂದಿಡಲು ದಾರಿಯಾಗುತ್ತದೆ. ಇರುವ ನಕಲುಗಳಿಂದ ಕಡತವನ್ನು ಮತ್ತೆ ಕಟ್ಟಿಕೊಡಿ ಎಂದು ಕೋರ್ಟನ್ನು ಕೇಳಿಕೊಳ್ಳಲೂಬಹುದು.

ಸಿಬ್ಬಂದಿಯ ಬಗ್ಗೆ ಒಂದು ಮಾತು. ತಾಲ್ಲೂಕು ಕೋರ್ಟುಗಳಲ್ಲಿ ರೆಕಾರ್ಡ್ ರೂಮ್ ನೋಡಿಕೊಳ್ಳುವವರು ಅದರ ಜೊತೆಗೆ ಬೇರೆ ಕೆಲಸವನ್ನೂ ಮಾಡುತ್ತಿರುತ್ತಾರೆ. ಧೂಳು ಹಿಡಿದ ಕಟ್ಟು ಬಿಚ್ಚಿ ಹುಡುಕುವುದು ಸುಲಭದ ಕೆಲಸವಲ್ಲ. ವಿವರ ಪೂರ್ತಿ ಇರುವ ಅರ್ಜಿ ಕೊಟ್ಟು, ವಿನಯದಿಂದ ಕೇಳಿದರೆ ಬಹಳ ಜನ ಸಹಾಯ ಮಾಡುತ್ತಾರೆ. ಶುಲ್ಕಕ್ಕಿಂತ ಜಾಸ್ತಿ ಹಣ ಕೇಳಿದರೆ ಕೊಡಬೇಡಿ. ಕೋರ್ಟ್ ಕಚೇರಿಯ ಮುಖ್ಯಸ್ಥರಾದ ಶಿರಸ್ತೇದಾರರನ್ನು ಕಾಣಿ. ಅಲ್ಲೂ ಆಗದಿದ್ದರೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಬರೆದು ತಿಳಿಸಿ. ಹೋಗುವ ಮುಂಚೆ ಬೇಸಿಗೆ ಮತ್ತು ದಸರಾ ರಜೆಯ ದಿನಗಳನ್ನು ನೋಡಿಕೊಳ್ಳಿ, ಬೆಂಗಳೂರಿನಿಂದ ಸುಮ್ನೆ ಬಂದು ಹೋಗುವಂತಾಗಬಾರದು.

ನೀವೇ ಅರ್ಜಿ ಕೊಡಬಹುದು ಎಂದೆ. ಆದರೆ ಅಫಿಡವಿಟ್ ಬರೆಸುವುದು, ನ್ಯಾಯಾಧೀಶರ ಆದೇಶ ಪಡೆಯುವುದು ಕಷ್ಟ ಅನ್ನಿಸಿದರೆ ಅದೇ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೆ ಉಚಿತ ನೆರವು ಇದೆ. ಅದಕ್ಕೆ ಆದಾಯದ ಮಿತಿ ಇಲ್ಲ, ನಿಮಗೆ ಸಂಬಳ ಎಷ್ಟೇ ಬರಲಿ. ಸಹಾಯವಾಣಿ 15100. ಊರಿನವರೊಬ್ಬರು ದೊಡ್ಡ ಮೊತ್ತ ಕೇಳುತ್ತಿರುವ ಕೆಲಸವನ್ನು ಸಮಿತಿಯ ವಕೀಲರು ಹಣ ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ.

ನಕಲು ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಪುಟ ಎಣಿಸಿ. ಪ್ರತಿ ಪುಟಕ್ಕೂ ಮೊಹರು ಇದೆಯಾ, ಷೆಡ್ಯೂಲ್ ಪೂರ್ತಿ ಬಂದಿದೆಯಾ, ಸರ್ವೆ ನಂಬರುಗಳು ನಿಮ್ಮ ಪಹಣಿಗೆ ಹೊಂದುತ್ತವೆಯಾ ನೋಡಿ. ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಮೊಹರಿನ ಹತ್ತಿರ ಬರೆದಿರಬೇಕು. ಆಮೇಲೆ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಚಿಕ್ಕತಾತನ ಮನೆಗೆ ಕೊಡಿ. ಅವರೂ ಒಪ್ಪಿದರೆ ಅಂತಿಮ ಡಿಕ್ರಿಯ ಅರ್ಜಿ ಬೇಗ ಮುಗಿಯುತ್ತದೆ.